ಮುಂದಿನ ಲಾರಿಯಲ್ಲಿ ಹೋದ ಫೋನು

ಲಾರಿಯ ಮೆಟ್ಟಿಲು ಕೂಡ ಹತ್ತಿ ಗೊತ್ತಿಲ್ಲದ ನಾನು ಲಾರಿ ಓಡಿಸುವವರ ಕಥೆ ಹೇಳಲು ಹೊರಟಿದ್ದೇನೆ. ಅದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಎಲ್ಲಾದರೂ ತಪ್ಪಿದ್ದರೆ ಅದು ನನ್ನದು, ಅವರದಲ್ಲ. ಸುಮ್ಮನಿರೋಣ ಎಂದು ಎಷ್ಟೋ ಸಲ ಅಂದುಕೊಂಡೆ. ಇರಲಾಗಲಿಲ್ಲ.

ಟೈರ್ ಅಂಗಡಿಯ ಮೇಲಿನ ಕೋಣೆಯೇ ಒಂದು ಸಾಗಣೆ ಕಂಪನಿಯ ಕಚೇರಿ. ಕಿಟಕಿ ತೆರೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಸೆಕೆ. ಅಲ್ಲಿ ನನಗೆ ಪರಿಚಯದ ಒಬ್ಬಾಕೆಯ ಕೆಲಸ ಬೆಳಗಿನಿಂದ ಸಂಜೆಯವರೆಗೆ ಕಂಪ್ಯೂಟರ್ ಪರದೆಯನ್ನು ನೋಡುತ್ತಿರುವುದು. ಪ್ರತಿ ಲಾರಿಗೂ ಒಂದು ಚುಕ್ಕೆ. ಓಡುತ್ತಿದ್ದರೆ ಹಸಿರು, ನಿಂತರೆ ಕೆಂಪು. ಲಾರಿಗೆ ಬೇರೆ ಯಂತ್ರ ಕೂರಿಸಿರಲಿಲ್ಲ. ಚಾಲಕನ ಜೇಬಿನ ಫೋನೇ ಅವನಿರುವ ಜಾಗ ತೋರಿಸುತ್ತಿತ್ತು. ಚುಕ್ಕೆ ಕೆಂಪಾಗಿ ಸ್ವಲ್ಪ ಹೊತ್ತಾದರೆ ಆಕೆ ಕರೆ ಮಾಡಬೇಕು. ಎತ್ತದಿದ್ದರೆ ಎತ್ತುವವರೆಗೂ ಮಾಡಬೇಕು. ಚಾಲಕರು ಆಕೆಗೆ ಇಟ್ಟಿದ್ದ ಹೆಸರು ಅಲಾರಂ ಮೇಡಂ.

ಅವರಲ್ಲಿ ಒಬ್ಬ ಆಕೆಯ ಸ್ವಂತ ಅಣ್ಣ. ಗಾಜಿನ ಬಾಟಲಿಗಳ ಲೋಡು ಹೊತ್ತು ರಾತ್ರಿಯಿಡೀ ಓಡಿಸಿದ್ದ ಅವನ ಚುಕ್ಕೆ ಅಂದು ಬೆಳಿಗ್ಗೆ ಕೆಂಪಾಯಿತು.

"ಅಣ್ಣ, ಯಾಕೆ ನಿಲ್ಲಿಸಿದೀಯ?"

"ಕಣ್ಣು ಎಳೀತಿದೆ ಕಣೇ. ಒಂದು ಗಳಿಗೆ ಹಾಗೇ ಒರಗ್ತೀನಿ."

"ಮಾಲೀಕರು ಇಲ್ಲೇ ಓಡಾಡ್ತಿದಾರೆ. ತಂಗಿ ಅಂತ ನಾನು ಸುಮ್ನಿದ್ರೆ ನನ್ನ ಮೇಲೆ ಬರುತ್ತೆ."

"ಅಲಾರಂಗೆ ಅಣ್ಣ ಏನು, ತಮ್ಮ ಏನು, ಬಿಡು," ಎಂದು ಅವನು ನಕ್ಕ. "ಹೊರಟೆ ತಾಯಿ, ಹೊರಟೆ."

ಚುಕ್ಕೆ ಮತ್ತೆ ಹಸಿರಾಯಿತು. ಅದೇ ಕಂಪನಿಯ, ಅದೇ ದಾರಿಯ ಇನ್ನೊಂದು ಲಾರಿಯ ಚುಕ್ಕೆಯ ಜೊತೆ ಅಂಟಿಕೊಂಡಂತೆ ಮುಂದೆ ಹೋಗತೊಡಗಿತು. ಅದು ಎಲ್ಲರೂ ಮೀಸೆ ಎಂದು ಕರೆಯುವ ಚಾಲಕನ ಲಾರಿ. ಗೆಳೆಯರು ಒಟ್ಟಿಗೇ ಹೋಗುತ್ತಿದ್ದಾರೆ ಎಂದುಕೊಂಡು ಆಕೆ ನಿಶ್ಚಿಂತಳಾದಳು.

ಮಧ್ಯಾಹ್ನ ಪಕ್ಕದ ಮನೆಯಾಕೆಯ ಕರೆ ಬಂತು. "ನಿಮ್ಮಮ್ಮ ಎದೆ ಹಿಡ್ಕೊಂಡು ಕೂತ್ಬಿಟ್ರು. ಆಸ್ಪತ್ರೆಗೆ ಕರ್ಕೊಂಡು ಬಂದಿದೀವಿ. ಬೇಗ ಬಾಮ್ಮ."

ಆಕೆ ಹೋದಾಗ ಅಮ್ಮನಿಗೆ ಎಚ್ಚರವಿತ್ತು. ಡಾಕ್ಟರು ಮಾತ್ರ ಆಕೆಯನ್ನು ಬಾಗಿಲಾಚೆ ಕರೆದು, "ಯಾರಿಗಾದ್ರೂ ಹೇಳೋದಿದ್ರೆ ಈಗಲೇ ಹೇಳಿ" ಎಂದರು. ಒಳಗೆ ಬಂದರೆ ಅಮ್ಮ ಬೆರಳಿನಿಂದ ಸನ್ನೆ ಮಾಡಿ ಕರೆದಳು.

"ಅವನ ದನಿ ಒಂದ್ಸಲ ಕೇಳಿಸೇ."

ಆಕೆ ಅಣ್ಣನ ನಂಬರು ಒತ್ತಿ, ಸ್ಪೀಕರ್ ಹಾಕಿ, ಅಮ್ಮನ ಕಿವಿಯ ಬಳಿ ಹಿಡಿದಳು.

"ಓಡ್ತಾನೇ ಇದೆ ಮೇಡಂ ಗಾಡಿ!" ಎಂದಿತು ಆ ಕಡೆಯ ದನಿ.

ಅದು ಅಣ್ಣನ ದನಿಯಲ್ಲ. ಮೀಸೆಯದು. ಆ ಗಳಿಗೆಯಲ್ಲಿ ಆಕೆಗೆ ಎಲ್ಲವೂ ಹೊಳೆಯಿತು. ನಿದ್ದೆ ತಡೆಯಲಾಗದವನು ಮುಂದೆ ಹೋಗುವವನ ಕೈಗೆ ಫೋನು ಕೊಟ್ಟು ಮಲಗುತ್ತಾನೆ. ಫೋನು ಓಡುತ್ತಿದ್ದರೆ ಚುಕ್ಕೆಯೂ ಓಡುತ್ತದೆ. ಕಚೇರಿಯಿಂದ ಕರೆ ಬಂದರೆ ಫೋನು ಇಟ್ಟುಕೊಂಡವನು ಮಲಗಿದವನ ಹಾಗೆ ಮಾತಾಡುತ್ತಾನೆ. ಹೀಗೆ ಎಷ್ಟು ಸಲ ತನ್ನ ಜೊತೆ ಯಾರು ಯಾರೋ ಮಾತಾಡಿದ್ದರೋ! ಫೋನು ಹಿಂದಕ್ಕೆ ತೆಗೆಯಬೇಕು ಎನ್ನುವಷ್ಟರಲ್ಲಿ ಅಮ್ಮನ ತುಟಿ ಅಲುಗಿತು.

"ಮಗಾ... ಊಟ ಆಯ್ತಾ?"

ಆ ಕಡೆ ಎಂಜಿನ್ನಿನ ಸದ್ದು ಇಳಿಯಿತು. ಆಮೇಲೆ ಮೆಲ್ಲಗೆ, "ಆಯ್ತಮ್ಮಾ" ಎಂದಿತು ದನಿ.

"ನಿದ್ದೆ ಮಾಡೋ. ಯಾವಾಗ ನೋಡಿದ್ರೂ ಕಣ್ಣು ಕೆಂಪಗಿರುತ್ತೆ."

"ಮಾಡ್ತೀನಮ್ಮಾ. ಈಗಲೇ ಮಾಡ್ತೀನಿ."

ಅಮ್ಮ ಕಣ್ಣು ಮುಚ್ಚಿಕೊಂಡು, "ಒಳ್ಳೇ ಹುಡುಗ, ಪಾಪ" ಎಂದಳು.

ಆಕೆ ಫೋನು ಹಿಡಿದು ಹೊರಗೆ ಓಡಿದಳು. "ನಮ್ಮಣ್ಣ ಎಲ್ಲಿ?"

"ಹಿಂದೆ ಎಲ್ಲೋ ಲಾರಿ ನಿಲ್ಲಿಸಿ ಮಲಗಿದಾನೆ ತಂಗಿ. ಯಾವ ಜಾಗ ಅಂತ ನಂಗೂ ಗೊತ್ತಿಲ್ಲ. ನೆರಳು ಸಿಕ್ಕ ಕಡೆ ನಿಲ್ಲಿಸ್ತೀನಿ, ಲೋಡು ಇಳಿಸೋ ಊರಿನ ಪೆಟ್ರೋಲ್ ಬಂಕಲ್ಲಿ ಕಾಯ್ತಿರು ಅಂದಿದ್ದ." ಎಂದ ಮೀಸೆ. "ಅಮ್ಮಂಗೆ ಏನಾಗಿದೆ? ನಾನು ಹಂಗೆ ಮಾತಾಡ್ಬಾರ್ದಿತ್ತಾ? ಏನು ಹೇಳ್ಬೇಕು ಅಂತಾನೇ ತೋಚಲಿಲ್ಲ."

"ತಿರುಗಿಸಿಕೊಂಡು ಹೋಗಿ ಎಬ್ಬಿಸೋಕಾಗಲ್ವಾ?"

"ರಸ್ತೆ ಮಧ್ಯೆ ಉದ್ದಕ್ಕೂ ಗೋಡೆ ಇದೆ ತಂಗಿ, ಲಾರಿ ತಿರುಗೋ ಜಾಗ ಇಲ್ಲ. ದಾರೀಲಿ ಅವನ ಲಾರಿ ಕಂಡ್ರೆ ಎಬ್ಬಿಸಿ ಅಂತ ಎದುರಿಗೆ ಹೋಗೋರಿಗೆ ಕೂಗಿ ಹೇಳ್ತೀನಿ."

ಅವನು ಲಾರಿ ನಿಲ್ಲಿಸಿ, ಇಳಿದು, ಗೋಡೆಯ ಬಳಿ ನಿಂತು, ಎದುರು ದಿಕ್ಕಿಗೆ ಹೋಗುವ ಲಾರಿಗಳಿಗೆಲ್ಲ ಕೈ ಬೀಸಿದನಂತೆ. ಕೆಲವರು ನಿಧಾನ ಮಾಡಿದರು. ಅವನು ಹೇಳಿದ್ದು ಗಾಳಿಯಲ್ಲಿ ಯಾರಿಗೂ ಕೇಳಿಸಲಿಲ್ಲ. ಅಣ್ಣ ಅಷ್ಟು ಹೊತ್ತೂ ಎಲ್ಲೋ ನೆರಳಿನಲ್ಲಿ ಗಾಢ ನಿದ್ದೆಯಲ್ಲಿದ್ದ. ಅವನು ಎದ್ದು ಬಂಕಿಗೆ ಬಂದು ಸೇರುವ ಹೊತ್ತಿಗೆ ಅಮ್ಮ ಇರಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಅಣ್ಣ ಅಡುಗೆಮನೆಯ ಹೊಸಿಲ ಮೇಲೆ ಕೂತು ಕೇಳಿದ, "ಕೊನೆಗೆ ಏನಾದ್ರೂ ಅಂದ್ಲಾ?"

"ಊಟ ಆಯ್ತಾ ಅಂದ್ಲು. ನಿದ್ದೆ ಮಾಡು ಅಂದ್ಲು."

"ಯಾರಿಗೆ?"

"ನಿಂಗೆ."

ಮೀಸೆ ಅವನಿಗೆ ಎಲ್ಲ ಹೇಳಿದ್ದ. ಅಣ್ಣ ತಲೆ ತಗ್ಗಿಸಿಕೊಂಡೇ, "ಮಲಗಿದ್ದು ನನ್ನ ತಪ್ಪಾ ಪುಟ್ಟಿ?" ಎಂದ. ಆಕೆ ಎದ್ದು ಹೋಗಿ ಒಲೆಯ ಮೇಲೆ ನೀರಿಟ್ಟಳು.

ಆಕೆ ಮತ್ತೆ ಕೆಲಸಕ್ಕೆ ಹೋದ ದಿನ ಕೆಲವು ಚುಕ್ಕೆಗಳು ಕೆಂಪಾಗಿದ್ದವು. ಆಕೆ ಮೇಜಿನ ಮುಂದೆ ಕೈ ಕಟ್ಟಿಕೊಂಡು ಕೂತಿದ್ದಳು. ಮಾಲೀಕರು ಹಿಂದೆ ಬಂದು ನಿಂತರು. ಕೆಟ್ಟ ಮನುಷ್ಯರಲ್ಲ, ಅಮ್ಮ ಹೋದ ಸುದ್ದಿ ಕೇಳಿ ಆಸ್ಪತ್ರೆಗೆ ಎಲ್ಲರಿಗಿಂತ ಮೊದಲು ಬಂದವರು ಅವರೇ.

"ಈ ಚುಕ್ಕೆ ಆಗಿನಿಂದ ಕೆಂಪಾಗಿದೆಯಲ್ಲಮ್ಮ. ಕರೆ ಮಾಡು."

"ಮಲಗಿದಾರೆ ಸರ್."

"ನಿಂಗೆ ಹೇಳಿ ಮಲಗಿದಾನಾ?"

"ಇಲ್ಲ ಸರ್. ಎದ್ದು ಹೊರಡ್ತಾರೆ. ನಾನು ಎಬ್ಬಿಸಲ್ಲ."

ಮಾಲೀಕರು ಕುರ್ಚಿ ಎಳೆದು ಕೂತರು. "ನಿನ್ನ ನೋವು ನಂಗೆ ಅರ್ಥ ಆಗುತ್ತೆ. ಆದ್ರೆ ನನ್ನ ಮಾತೂ ಕೇಳು. ನಿಂತ ಲಾರಿಯಿಂದ ಡೀಸೆಲ್ ಕದೀತಾರೆ. ಸರಕು ತಡ ಆದ್ರೆ ಆ ಫ್ಯಾಕ್ಟರಿಯವರು ಮುಂದಿನ ಲೋಡು ಇನ್ನೊಬ್ಬರಿಗೆ ಕೊಡ್ತಾರೆ. ಆಗ ನಿಮ್ಮಣ್ಣ ಏನು ಓಡಿಸ್ತಾನೆ? ನಾನೇನು ರಾಕ್ಷಸನಾ?"

"ಅಲ್ಲ ಸರ್."

"ಮತ್ತೆ?"

"ನಾವು ಎಬ್ಬಿಸ್ತೀವಿ ಅಂತಾನೇ ಅವರು ಫೋನು ಬೇರೆಯವರ ಕೈಗೆ ಕೊಡ್ತಿದಾರೆ. ಮನೆಯವರು ಕರೆದ್ರೆ ಯಾರು ಎತ್ತಬೇಕು ಸರ್?"

ಮಾಲೀಕರು ಕುರ್ಚಿಯಿಂದ ಎದ್ದರು. ತಮ್ಮ ಫೋನು ತೆಗೆದು, ಕಿಟಕಿಯ ಬಳಿ ಹೋಗಿ, ತಾವೇ ಆ ಚಾಲಕನಿಗೆ ಕರೆ ಮಾಡಿದರು. ಕರೆ ಮುಗಿದ ಸ್ವಲ್ಪ ಹೊತ್ತಿಗೆ ಆ ಕೆಂಪು ಚುಕ್ಕೆ ಹಸಿರಾಯಿತು. ಆಕೆ ತಡೆಯಲಿಲ್ಲ. ತಡೆಯುವ ಶಕ್ತಿ ಆಕೆಗಿರಲಿಲ್ಲ. ಆದರೆ ತನ್ನ ಕೈಯಿಂದ ಅಂದೂ ಯಾರನ್ನೂ ಎಬ್ಬಿಸಲಿಲ್ಲ, ಮರುದಿನವೂ ಎಬ್ಬಿಸಲಿಲ್ಲ.

ಆಕೆಯನ್ನು ಆ ಕುರ್ಚಿಯಲ್ಲಿ ಎಷ್ಟು ದಿನ ಇಟ್ಟುಕೊಳ್ಳುತ್ತಾರೋ ನನಗೆ ಗೊತ್ತಿಲ್ಲ. ಅಮ್ಮ "ಒಳ್ಳೇ ಹುಡುಗ" ಎಂದದ್ದು ಹೆತ್ತ ಮಗನಿಗೋ, ಮಗನಾಗಿ ಮಾತಾಡಿದ ಪರರ ಮಗನಿಗೋ, ಅದೂ ಗೊತ್ತಿಲ್ಲ. ಆಕೆಯನ್ನು ಒಮ್ಮೆ ಕೇಳಿದೆ. ತನಗೂ ಗೊತ್ತಿಲ್ಲ ಎಂದಳು.