ದೊಡ್ಡಕ್ಷರ

ವಿಮಾನ ಹೋಯಿತು, ಸಾಂತಾಕ್ರೂಜ್‌ನ ಈ ಲ್ಯಾಬ್ ಕಟ್ಟಡದ ಮೇಲೆಯೇ ಇಳಿಯುವ ಹಾಗೆ, ತೊಟ್ಟಿಗಳ ನೀರು ನಡುಗಿತು, ಜೀಬ್ರಾ ಮೀನುಗಳು ತಳಕ್ಕೆ ಓಡಿ ಮತ್ತೆ ಮೇಲೆ ಬಂದವು, ನನ್ನ ನೆರಳು ಕಂಡರೆ ಸಾಕು ಬಾಯಿ ತೆರೆಯುವ ಹೊಟ್ಟೆಬಾಕರು — ಇವತ್ತ ಊಟ ಇಲ್ರೋ. ಜೇಬುನ್ನೀಸಾ, ಸಂಜೆಯೊಳಗೆ ನಿನ್ನ ತೊಟ್ಟಿ ಖಾಲಿಯಾಗಬೇಕು, ನನ್ನ ಗೈಡ್ ಸೀತಾರಾಮ ಸರ್ ಹೇಳಿದ್ದು ಕನ್ನಡದಲ್ಲಿ, ನನ್ನನ್ನು ಬೈಯುವುದು ಯಾವಾಗಲೂ ಕನ್ನಡದಲ್ಲೇ, ಲ್ಯಾಬಿನವರಿಗೆ ತಿಳಿಯದಿರಲಿ ಎಂಬ ಮರ್ಯಾದೆ ಅಂದುಕೊಂಡಿದ್ದೆ — ಐಸು ಇನ್ನಷ್ಟು ಬೇಕು, ನೀರು ಅರೆತಣ್ಣಗಿದ್ದರೆ ಒದ್ದಾಡುತ್ತವೆ, ಪೂರ್ತಿ ತಣ್ಣಗಿದ್ದರೆ ಬೇಗ ಸಾಯುತ್ತವೆ. ರೋಗಾಣುವನ್ನು ಗುರುತು ಹಿಡಿಯುವ ಒಂದು ಜೀನು ಇವುಗಳಲ್ಲಿ ಇಲ್ಲ, ನಾನೇ ಕೆಡಿಸಿ ಬೆಳೆಸಿದ ಮೀನುಗಳು, ಅದೇ ಜೀನಿನ ಕ್ಲೋನ್, ಅಂದರೆ ಕೆಡದ ನಕಲು, ಹೊರದೇಶದಿಂದ ತರಿಸಿ ಮೊಟ್ಟೆಗೆ ಚುಚ್ಚಬೇಕು, ಮರಿಗಳು ಸುಧಾರಿಸಿದರೆ ನನ್ನ ಪಿಎಚ್‌ಡಿ ಮುಗಿಯಿತು, ಅಷ್ಟೇ ಉಳಿದಿತ್ತು, ಅಮ್ಮೀ ಫೋನಿನಲ್ಲಿ, ಮೀನಿನ ಡಾಕ್ಟರ್ ಆಗಾಕ ಇಷ್ಟು ವರ್ಷ ಬೇಕೇನವ್ವಾ, ಮನುಷ್ಯಾರ ಡಾಕ್ಟರ್ ಆದ ಹಜರತಬಿ ಮಗಳು ಆಗಲೇ ಎರಡು ಹಡದ್ಲು.

ಆರ್ಡರ್ ಹಾಕುವ ದಿನ ಸರ್ ನನ್ನ ಬೆನ್ನ ಹಿಂದೆ ನಿಂತಿದ್ದರು, ಜೀನಿನ ಹೆಸರು ಒಂದೇ, ಮೀನಿನದಾದರೆ ಇಂಗ್ಲಿಷಿನ ಸಣ್ಣಕ್ಷರ, ಮನುಷ್ಯನದಾದರೆ ದೊಡ್ಡಕ್ಷರ, ನಾನು ಸಣ್ಣದರಲ್ಲೇ ಟೈಪ್ ಮಾಡಿದ್ದೆ, ಏನಮ್ಮಾ, ವಿಜಯಪುರದಲ್ಲಿ ಕ್ಯಾಪಿಟಲ್ ಕಲಿಸಲಿಲ್ಲವಾ, ತಾವೇ ಬಗ್ಗಿ ಅಳಿಸಿ ಟಕಟಕ ಬಡಿದರು, ಜೀವನವೆಲ್ಲ ಮನುಷ್ಯರ ರಕ್ತದ ಮೇಲೇ ಕೆಲಸ ಮಾಡಿದ ಕೈ, ಸರ್, ಇದು ಮೀನಿಂದು, ಅಂದೆ, ಗೊತ್ತು ಗೊತ್ತು, ಕಳಿಸು, ಪಕ್ಕದ ಕುರ್ಚಿಯಲ್ಲಿ ಜೂನಿಯರ್ ನಿಶಾ ಕಿಸಕ್ಕನೆ ನಕ್ಕಳು. ದೊಡ್ಡವರಿಗೆ ಒಂದು ಸಲ ಹೇಳಿದರೆ ನೆನಪಿಸಿದ ಹಾಗೆ, ಎರಡು ಸಲ ಹೇಳಿದರೆ ಏರಿಹೋದ ಹಾಗೆ — ಬಂತು ಟ್ಯೂಬು, ಒಳಗೆ ಮನುಷ್ಯ. ಇವತ್ತು ಮೀಟಿಂಗಿಗೆ ಮುಂಚೆ ಮೆಲ್ಲಗೆ ಕರೆದರು, ನೋಡಮ್ಮಾ, ತಪ್ಪು ನಿನ್ನದು ಅಂತ ಒಪ್ಪಿಕೋ, ಬೇರೆ ಕ್ಲೋನ್ ಬರುವವರೆಗೆ ನಿನ್ನ ಅವಧಿ ಮುಂದುವರಿಸುತ್ತೇನೆ, ಒಳ್ಳೇ ವ್ಯಾಪಾರ ಅನಿಸಿತು, ಮರ್ಯಾದೆ ಅವರಿಗಿರಲಿ, ಮೀನು ನನಗಿರಲಿ, ಎದ್ದು ನಿಂತು ಮೈ ಮಿಸ್ಟೇಕ್ ಅಂದೆ, ಅವರು ಕನ್ನಡಕ ಒರೆಸುತ್ತಾ, ಈ ಸಲ ಇಂಗ್ಲಿಷಿನಲ್ಲಿ, ಎಲ್ಲರಿಗೂ ತಿಳಿಯುವಂತೆ, ಇಂಥವರನ್ನು ಇಟ್ಟುಕೊಂಡು ಲ್ಯಾಬ್ ನಡೆಸಲಾಗದು, ಇವಳ ತೊಟ್ಟಿಗಳು ಇನ್ನು ನಿಶಾಗೆ.

ಬಾಗಿಲಲ್ಲಿ ಈಗ ಅವಳೇ, ಬೇಜಾರಿನ ಮುಖ ಮಾಡಿ, ದೀದೀ, ಬಹುತ್ ಬುರಾ ಲಗಾ, ಟ್ಯಾಂಕ್ ಮಾತ್ರ ತೊಳೆದು ಕೊಡ್ತೀರಾ — ಕೊಡ್ತೀನಿ ತಂಗಿ, ಅವತ್ತು ಎಲ್ಲ ನೋಡಿಯೂ ಮೀಟಿಂಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂತವಳ ಕೈ ಯಾಕೆ ಒದ್ದೆಯಾಗಬೇಕು. ಬಲೆಯಲ್ಲಿ ಎತ್ತಿದೆ, ಐಸುನೀರಿಗೆ ಬಿಟ್ಟೆ, ಎಲ್ಲ ಒಮ್ಮೆಗೇ ಮಗ್ಗುಲಾದವು, ಮುಗಿಯಿತು ಅಂದುಕೊಂಡರೆ ಅಂಚಿನಲ್ಲೊಂದು, ಐಸಿನ ಚೂರಿಗೆ ಒರಗಿ, ಕಿವಿರು ತೆರೆಯಿತು, ಮುಚ್ಚಿತು, ಅಮ್ಮೀಗೆ ಏನು ಹೇಳಲಿ, ಯಾವ ಭಾಷೆಯಲ್ಲಿ, ತೆರೆಯಿತು, ಸಾಯಿ ಪುಟ್ಟಾ, ಬೇಗ ಸಾಯಿ, ಮುಚ್ಚಿತು, ಒಪ್ಪಿಕೊಂಡ ಬಾಯಿ ನನ್ನದೇ ಅಲ್ಲವೇ, ಇನ್ನು ಯಾರ ಹತ್ತಿರ — ತೆರೆಯಿತು, ಮುಚ್ಚಿತು, ತೆರೆಯಿತು