ಮರಿಗಡ್ಡೆ

"ಮೆಲ್ಲಗೆ ಬಾ, ಅಪ್ಪ ಮಲಗಿದ್ದಾರೆ" ಎನ್ನುತ್ತಾ ತಾಯಿ ಬಾಗಿಲನ್ನು ಸದ್ದಾಗದಂತೆ ಎತ್ತಿ ಹಿಡಿದು ತೆರೆದಳು. ಮೂರು ವರ್ಷದ ಮೇಲೆ ಮಗಳು ಹೊಸ್ತಿಲು ದಾಟಿದಳು. ಚಪ್ಪಲಿ ಹೊರಗೆ ಬಿಟ್ಟರೆ ಯಾರಾದರೂ ನೋಡಿಯಾರೆಂದು ಕೈಯಲ್ಲೇ ಹಿಡಿದುಕೊಂಡಿದ್ದಳು.

ಅಡುಗೆಮನೆಯ ಕಿಟಕಿಯಲ್ಲಿ ಹೂ ಅರಳಿತ್ತು. ಒಂದೇ ದಂಟು, ತುದಿಯಲ್ಲಿ ಅಂಗೈಯಗಲದ ಕೆಂಪು ಹೂಗಳು. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ, ಹೋಟೆಲಿನ ಲಾಂಡ್ರಿಯಲ್ಲಿ ಕೆಲಸಕ್ಕಿದ್ದ ತಾಯಿ, ಬಾಡಿತೆಂದು ಅಲ್ಲಿ ಎಸೆದಿದ್ದ ಈ ಕುಂಡವನ್ನು ಎತ್ತಿಕೊಂಡು ಬಂದಿದ್ದಳು. ಅಂದಿನಿಂದ ಅದು ಅಮ್ಮ ಮಗಳ ಬಾಬತ್ತು. ಹೂ ಮುಗಿದ ಮೇಲೆ ದಂಟು ಕತ್ತರಿಸುವುದು, ಎಲೆ ಹಣ್ಣಾಗುವವರೆಗೆ ನೀರು ಹಾಕುವುದು, ಆಮೇಲೆ ಗಡ್ಡೆಯನ್ನು ಒಣಗಿಸಿ ಕಪಾಟಿನ ಕತ್ತಲಲ್ಲಿ ಮಲಗಿಸುವುದು. "ಎದ್ದಿದ್ಯಾ ನೋಡ್ಲಾಮ್ಮ?" ಎಂದು ಕಪಾಟು ತೆಗೆತೆಗೆದು ಮಗಳು ಬೈಸಿಕೊಳ್ಳುತ್ತಿದ್ದಳು.

ಹೂ ಬಿಟ್ಟಿದೆ, ನೋಡಿಕೊಂಡು ಹೋಗು ಎಂದು ತಾಯಿ ಲಾಂಡ್ರಿಯ ಫೋನಿನಿಂದ ಹೇಳಿದ್ದಳು. ಅಷ್ಟಕ್ಕೇ ಬರುತ್ತಾಳೆಂದು ನಂಬಿರಲಿಲ್ಲ.

"ಸೊರಗಿದೀಯಲ್ಲೇ."

"ನೀನೇನು ಗುಂಡುಗುಂಡಗಿದೀಯಾ?" ಮಗಳು ಹೂವಿನ ಕಡೆ ಬಾಗಿದಳು. "ಇದು ಇನ್ನೂ ಬದುಕಿದೆಯಲ್ಲಮ್ಮ."

"ಅದಕ್ಕೇನು ಧಾಡಿ? ವರ್ಷದಲ್ಲಿ ಮೂರು ತಿಂಗಳು ನಿದ್ದೆ. ನನಗ್ಯಾರು ಕೊಡ್ತಾರೆ ಅಂಥಾ ರಜ?"

ಮಗಳು ನಕ್ಕಳು. ನಗು ಸ್ವಲ್ಪ ಜೋರಾಯಿತು.

ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿತು. "ಯಾರೇ ಅದು?"

"ಯಾರಿಲ್ಲ ರೀ. ಪಕ್ಕದ್ಮನೆಯವ್ರು."

ಮಾತು ತಾನಾಗಿ ಬಾಯಿಂದ ಜಾರಿತ್ತು. ಮಗಳ ಮುಖದಲ್ಲಿ ನಗು ಇನ್ನೂ ಪೂರ್ತಿ ಆರಿರಲಿಲ್ಲ. ಅವಳು ಚಪ್ಪಲಿಯನ್ನು ನೆಲಕ್ಕಿಟ್ಟು, ಅಲ್ಲೇ, ಅಡುಗೆಮನೆಯೊಳಗೇ, ಕಾಲಿಗೆ ಹಾಕಿಕೊಂಡಳು.

"ಅವರಿಗೆ ಹುಷಾರಿಲ್ಲ ಕಣೇ" ಎಂದು ತಾಯಿ ಪಿಸುಗುಟ್ಟಿದಳು. "ಈಗ ಕೈ ಎತ್ತೋ ಶಕ್ತೀನೂ ಇಲ್ಲ."

"ಮತ್ಯಾಕಮ್ಮ ಹೆದರ್ತೀಯ?"

ಮದುವೆ ಒಲ್ಲೆನೆಂದ ಮಗಳನ್ನು ಅಪ್ಪ ಬೆಲ್ಟು ಹಿಡಿದು ಮೆಟ್ಟಿಲಿಳಿಸಿದ ದಿನವೂ ತಾಯಿ ಇಲ್ಲೇ, ನಲ್ಲಿಯನ್ನು ಪೂರಾ ತಿರುಗಿಸಿಕೊಂಡು ಪಾತ್ರೆ ತೊಳೆಯುತ್ತಾ ನಿಂತಿದ್ದಳು. ಕಿವಿಗೆ ನೀರಿನ ಸದ್ದೊಂದೇ ಬೀಳಲಿ ಎಂದು.

ಈಗ ಅವಸರದಿಂದ ಡಬ್ಬಿಯ ಹಿಂದಿನಿಂದ ಈರುಳ್ಳಿಯಷ್ಟಿದ್ದ ಗಡ್ಡೆಯೊಂದನ್ನು ತೆಗೆದು ಮಗಳ ಕೈಗೆ ತುರುಕಿದಳು. "ಅದರದೇ ಮರಿ. ಕತ್ತು ಮಣ್ಣಿನ ಮೇಲಿರೋ ಹಾಗೆ ನೆಡು. ಕಿಟಕೀಲಿಡು. ಎರಡು ಮೂರು ವರ್ಷಕ್ಕೆ ಹೂ ಬರುತ್ತೆ."

"ನನ್ನ ರೂಮಿಗೆ ಕಿಟಕಿ ಇಲ್ಲಮ್ಮ."

ಮಗಳ ದನಿಯಲ್ಲಿ ಸಿಟ್ಟಿರಲಿಲ್ಲ. ಗಡ್ಡೆಯನ್ನು ತಾಯಿಯ ಅಂಗೈಗೇ ವಾಪಸ್ಸಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ, ಹೊರಟುಹೋದಳು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೆಳಗಿನವರೆಗೂ ಕೇಳಿಸಿತು.

"ಏನಂತೆ ಅವ್ರಿಗೆ?" ಒಳಗಿನಿಂದ ದನಿ ಬಂತು.

"ಸಕ್ಕರೆ ಬೇಕಿತ್ತಂತೆ."

"ಕೊಟ್ಯಾ?"

"ಕೊಟ್ಟೆ. ತಗೊಳ್ಲಿಲ್ಲ."

ಅವನು ಕೆಮ್ಮಿ, ಮಗ್ಗುಲು ಬದಲಿಸಿದ.

ತಾಯಿ ಕಪಾಟಿನ ಕೆಳಖಾನೆಯ ಮುಂದೆ ಕುಕ್ಕುರುಗಾಲಲ್ಲಿ ಕೂತಳು. ಹೋದ ವರ್ಷ, ಅದರ ಹಿಂದಿನ ವರ್ಷ ಮಗಳಿಗೆಂದು ಬಿಡಿಸಿಟ್ಟ ಮರಿಗಳು ಹಳೇ ಕಾಗದದೊಳಗೆ ಹಾಗೇ ಇದ್ದವು. ಒಂದನ್ನು ಬಿಚ್ಚಿ ಹೆಬ್ಬೆರಳಿಂದ ಒತ್ತಿದಳು. ಸಿಪ್ಪೆ ಚರ್ರೆಂದು ಒಳಕ್ಕೆ ಕುಸಿಯಿತು. ಒಳಗೆ ಏನೂ ಇರಲಿಲ್ಲ. ಅದನ್ನು ಮೊದಲಿದ್ದ ಹಾಗೆಯೇ ಕಾಗದದಲ್ಲಿ ಸುತ್ತಿ, ಪಕ್ಕಕ್ಕೆ ಸರಿಸಿ, ಈ ವರ್ಷದ್ದಕ್ಕೆ ಜಾಗ ಮಾಡಿದಳು.