ಕಿಟಕಿಗಾಗಿ ಒಂದು ಅರ್ಜಿ

ಕಡಲಾಚೆಯ ವಾನ್ ಪಟ್ಟಣದ ಆ ಗೋದಾಮಿಗೆ ಇದ್ದದ್ದು ಒಂದೇ ಕಿಟಕಿ. 2017ರ ಡಿಸೆಂಬರಿನಲ್ಲಿ ಹಿಮ ಬಿದ್ದ ದಿನ ಪ್ಯಾಕಿಂಗ್ ಹೆಂಗಸರೆಲ್ಲ ಕೈ ನಿಲ್ಲಿಸಿ ಅತ್ತ ನೋಡಿದರೆಂದು, ಸೂಪರ್‌ವೈಸರ್ ಸತ್ಯಪ್ರಕಾಶ್ ಮರುದಿನವೇ ಅದಕ್ಕೆ ಪ್ಲೈವುಡ್ ಹೊಡೆಸಿಬಿಟ್ಟ.

ವಸಂತಾ ಮೈಸೂರಿನಲ್ಲಿದ್ದಾಗಿನಿಂದಲೂ ಮುಗಿಲು, ಹಕ್ಕಿ ಎಂದು ಕವನ ಗೀಚಿಕೊಂಡು ಬಂದವಳು. ದಿನವಿಡೀ ಡಬ್ಬಗಳಿಗೆ ಟೇಪು ಹಚ್ಚುವ ಕೆಲಸದ ನಡುವೆ ಆ ತುಂಡು ಆಕಾಶವೊಂದೇ ಅವಳ ಸ್ವಂತದ್ದಾಗಿತ್ತು.

"ಹಲಗೆ ತೆಗೀರಿ ಅಂತ ಅರ್ಜಿ ಕೊಡೋಣ ಕಣೇ," ಎಂದಳು ಊಟದ ಹೊತ್ತಿನಲ್ಲಿ.

ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ ಇಂಚರಾ ಕಿಸಕ್ಕನೆ ನಕ್ಕಳು. "ಆಂಟಿ, ನೀವು ಫುಲ್ ರೊಮ್ಯಾಂಟಿಕ್! ಬ್ರೇಕ್ ಜಾಸ್ತಿ ಮಾಡಿ ಅಂತ ನಾನು ಬರೆದ ಪೆಟಿಷನ್‌ಗೇ ಒಂದೂ ಸೈನ್ ಬೀಳ್ಲಿಲ್ಲ. ಚಂದ್ರ-ತಾರೆ ಅಂತ ಕೂತವ್ರಿಂದ ರೆವಲ್ಯೂಷನ್ ಆಗತ್ತಾ?"

"ಬ್ರೇಕ್ ಸಿಕ್ಕಿದ್ಮೇಲೆ ಏನು ನೋಡ್ಕೊಂಡು ಕೂರ್ತೀಯೆ? ಪ್ಲೈವುಡ್ಡಾ?"

ಸಹಿ ಬೀಳದ ಕಾರಣ ವಸಂತಾಳಿಗೆ ಗೊತ್ತಿತ್ತು. ಮೊದಲು ಹೆಸರು ಹಾಕಿದವಳಿಗೆ ಮರುವಾರ ಶಿಫ್ಟು ಸಿಗುತ್ತಿರಲಿಲ್ಲ. ಆ ರಾತ್ರಿ ಮಾಲ್ಟನ್ ಬಡಾವಣೆಯ ತನ್ನ ಮನೆಯಲ್ಲಿ ಅವಳು ಪ್ಯಾಕಿಂಗ್ ಕಾಗದವೊಂದರ ನಟ್ಟನಡುವೆ ಬರೆದಳು: "ನಾವು ಯಂತ್ರಗಳಲ್ಲ. ಹಿಮ ಬಿದ್ದರೆ ತಲೆ ಎತ್ತುತ್ತೇವೆ. ಆಕಾಶ ಕಂಪನಿಯದಲ್ಲ." ಸುತ್ತಲೂ ದೊಡ್ಡ ರಂಗೋಲಿ ಬಿಡಿಸಿದಳು, ಮೂವತ್ತೆರಡು ಎಸಳು.

"ಒಂದೊಂದು ಎಸಳಿಗೆ ಒಬ್ಬೊಬ್ಬರು. ಇದಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ," ಎಂದು ಮರುದಿನ ಇಂಚರಾಳಿಗೆ ತೋರಿಸಿದಳು. ಹುಡುಗಿ ತಮಾಷೆ ಬಿಟ್ಟು, ಆ ಮಾತುಗಳನ್ನು ಕೆಳಗೆ ಇಂಗ್ಲಿಷಿನಲ್ಲೂ ಬರೆದಳು. ಪಂಜಾಬಿ, ತಮಿಳು, ಕನ್ನಡದ ಹೆಸರುಗಳು ಒಂದರ ಪಕ್ಕ ಒಂದು ಅರಳಿದವು. ಊಟ ಮುಗಿಯುವಷ್ಟರಲ್ಲಿ ಒಂದು ಎಸಳೂ ಖಾಲಿ ಇರಲಿಲ್ಲ.

"ಏನ್ರೀ ವಸಂತಾ ಮೇಡಂ, ರಂಗೋಲಿ ಕಾಂಪಿಟಿಷನ್ನಾ?" ಸತ್ಯಪ್ರಕಾಶ್ ಅವಳು ಕೊಟ್ಟ ಕಾಗದವನ್ನು ಎಡಕ್ಕೆ, ಬಲಕ್ಕೆ, ತಲೆಕೆಳಗಾಗಿ ತಿರುಗಿಸಿದ. "ಫಸ್ಟ್ ಸೈನ್ ಯಾರದು?"

ವಸಂತಾ ರಂಗೋಲಿಯ ಸುತ್ತ ಬೆರಳು ಆಡಿಸಿದಳು. "ಎಲ್ಲಿಂದಾದ್ರೂ ಶುರು ಮಾಡಿ ಸರ್. ಎಲ್ಲರೂ ಇದೀವಿ."

ಅವಳ ಹಿಂದೆ ಡಬ್ಬ ಸಾಗಿಸುವ ಬೆಲ್ಟು ನಿಂತಿತು. ಮೂವತ್ತೊಂದು ಜನ ಎದ್ದು ನಿಂತರು. ಕ್ರಿಸ್‌ಮಸ್ ಆರ್ಡರುಗಳು ಸೂರಿನವರೆಗೆ ಪೇರಿಕೊಂಡಿದ್ದವು. ಸತ್ಯಪ್ರಕಾಶ್ ಒಮ್ಮೆ ಅವುಗಳನ್ನು, ಒಮ್ಮೆ ಹೆಂಗಸರನ್ನು ನೋಡಿ, ಏಣಿ ತರಿಸಿದ.

ಮೊಳೆ ಕಿತ್ತು ಹಲಗೆ ಧಡಾರನೆ ಬಿದ್ದಾಗ ಬೆಳಕು ಒಳಗೆ ನುಗ್ಗಿತು. ಯಾರೋ ಸಿಳ್ಳೆ ಹೊಡೆದರು.

"ಆಂಟಿ, ನನ್ನ ಪೆಟಿಷನ್‌ಗೂ ಒಂದು ಡಿಸೈನ್ ಹಾಕ್ಕೊಡಿ, ಇವತ್ತೇ!" ಇಂಚರಾ ಅವಳ ತೋಳು ಜಗ್ಗಿದಳು.

"ತಡಿಯೇ, ಹಾಕ್ತೀನಿ," ಎಂದಳು ವಸಂತಾ, ಕಿಟಕಿಯಿಂದ ಕಣ್ಣು ಕೀಳದೆ. "ಮೊದಲು ಕಣ್ತುಂಬ ನೋಡ್ಕೊಳ್ತೀನಿ."